ಉದರಬಾಧೆ, ಮೂತ್ರಬಾಧೆ ಮತ್ತು ಶುಶ್ರೂಷೆ: ಒಂದು ಚಾರಿತ್ರಿಕ ಅವಲೋಕನ

ದೇವಾಲಯವೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಅಡಿಗಲ್ಲು, ಗಂಟೆಗೋಪುರ, ಪೀಠ, ಸೇವೆ ಸಲ್ಲಿಸಿದ ಗುರುವರ್ಯರ ನಾಮಾವಳಿ ಇವುಗಳ ಚರಿತ್ರೆಯನ್ನು ಓದುಗರು ನಿರೀಕ್ಷಿಸುವುದು ಸಹಜ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಇವೆ. ನಾವು ಇಲ್ಲಿ ಬರೆಯಹೊರಟಿರುವುದು ಬೇರೊಂದು ಚರಿತ್ರೆಯನ್ನು. ಹೊಟ್ಟೆನೋವು ಮತ್ತು ಮೂತ್ರಬಾಧೆಗಳಿಂದ ನರಳುವ ರೋಗಿಯ ಬಳಿ ಕುಳಿತು, ಅವನ ವ್ಯಾಧಿಯ ಸ್ವರೂಪವನ್ನು ಅರಿಯುವ ವಿದ್ಯೆ ಹೇಗೆ ಬೆಳೆದು ಬಂತು, ಅದರಲ್ಲಿ ಶುಶ್ರೂಷಕರ ಪಾತ್ರವೇನು ಎಂಬುದೇ ನಮ್ಮ ವಿಷಯ.

ಇಂತಹ ವಿಷಯ ಇಲ್ಲೇಕೆ ಎಂದು ಕೆಲವರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಕರ್ನಾಟಕದ ಕಥೋಲಿಕ ಕುಟುಂಬಗಳು ತಮ್ಮ ಹೆಣ್ಣುಮಕ್ಕಳನ್ನು ತಲೆಮಾರುಗಳಿಂದ ಶುಶ್ರೂಷಾ ವೃತ್ತಿಗೆ ಕಳುಹಿಸುತ್ತ ಬಂದಿವೆ. ಆ ಮಕ್ಕಳು ಆಸ್ಪತ್ರೆಯಲ್ಲಿ ಮಾಡುವ ಕೆಲಸದ ಹಿಂದೆ ಎಷ್ಟು ದೀರ್ಘವಾದ ಚರಿತ್ರೆಯಿದೆ ಎಂಬುದನ್ನು ಮನೆಯವರು ತಿಳಿದಿರುವುದು ಯುಕ್ತ. ಎರಡನೆಯ ಕಾರಣ ಇನ್ನೂ ಗುರುತರವಾದುದು. ರೋಗಿಗಳ ಅಭ್ಯಂಗಕ್ಕೆಂದು ಮನೆಮನೆಗೆ ಹೋಗುವ ಗುರುಗಳೆಲ್ಲರೂ ಬಲ್ಲ ಸಂಗತಿಯೊಂದಿದೆ. ಜ್ವರ ಬಂದರೆ ಮನುಷ್ಯ ಒಡನೆಯೇ ಹೇಳುತ್ತಾನೆ. ಕೆಮ್ಮು ಬಂದರೆ ಮನೆಯವರಿಗೆಲ್ಲ ಕೇಳಿಸುತ್ತದೆ. ಆದರೆ ಮೂತ್ರ ಕಟ್ಟಿದರೆ ವೃದ್ಧನಾದ ತಂದೆ ಮಗನಿಗೂ ಹೇಳುವುದಿಲ್ಲ. ಮೂತ್ರ ಸೋರುವ ತಾಯಿ ಮಗಳೊಡನೆಯೂ ಆಡುವುದಿಲ್ಲ. ಲಜ್ಜೆಯ ದೆಸೆಯಿಂದ ಮುಚ್ಚಿಟ್ಟ ಈ ಬಾಧೆಗಳು, ಗುಣವಾಗಬಹುದಾದ ಹೊತ್ತನ್ನು ಮೀರಿ, ಪ್ರಾಣಕ್ಕೇ ಸಂಚಕಾರ ತರುವುದುಂಟು. ಆದ್ದರಿಂದ ರೋಗಿಯನ್ನು ಕೇಳುವುದು ಮತ್ತು ರೋಗಿಯ ಮಾತಿಗೆ ಕಿವಿಗೊಡುವುದು, ಇವೆರಡೇ ಈ ಚರಿತ್ರೆಯ ತಿರುಳು ಎಂದು ನಾವು ಭಾವಿಸಿದ್ದೇವೆ.

ಪ್ರಾಚೀನರ ಮತ

ನಮ್ಮ ದೇಶದ ಪ್ರಾಚೀನ ವೈದ್ಯಶಾಸ್ತ್ರದಿಂದಲೇ ಪ್ರಾರಂಭಿಸೋಣ. ಸುಶ್ರುತ ಸಂಹಿತೆಯು ರೋಗವನ್ನು ಅರಿಯಲು ಆರು ಸಾಧನಗಳನ್ನು ಹೇಳುತ್ತದೆ. ಅವುಗಳಲ್ಲಿ ಐದು, ಕಣ್ಣು ಕಿವಿ ಮೊದಲಾದ ಪಂಚೇಂದ್ರಿಯಗಳು. ಆರನೆಯದು ಪ್ರಶ್ನೆ. ಅಂದರೆ ರೋಗಿಯನ್ನು ವಿಚಾರಿಸುವುದನ್ನು ಆ ಶಾಸ್ತ್ರಕಾರನು ಇಂದ್ರಿಯಗಳಿಗೆ ಸಮನಾದ ಸ್ಥಾನದಲ್ಲಿ ಇರಿಸಿದ್ದಾನೆ. ಅದೇ ಗ್ರಂಥದಲ್ಲಿ ಅಶ್ಮರಿ, ಎಂದರೆ ಮೂತ್ರಕೋಶದ ಕಲ್ಲಿನ ಲಕ್ಷಣಗಳು ವಿವರವಾಗಿ ಬಂದಿವೆ. ಶಸ್ತ್ರದಿಂದ ಅದನ್ನು ತೆಗೆಯುವ ಕ್ರಮವೂ ಇದೆ. ಚಿಕಿತ್ಸೆ ಮಾಡದಿದ್ದರೆ ಮರಣ ನಿಶ್ಚಿತ, ಮಾಡಿದರೂ ಫಲ ಸಂದೇಹ. ಆದುದರಿಂದ ಅರಸನ ಅನುಮತಿ ಪಡೆದೇ ಶಸ್ತ್ರವನ್ನು ಹಿಡಿಯಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ಪ್ರಮೇಹದಲ್ಲಿ 20 ಬಗೆಗಳನ್ನು ಎಣಿಸಿದ ಆ ವೈದ್ಯರು, ಮಧುಮೇಹಿಯ ಮೂತ್ರದತ್ತ ಇರುವೆಗಳು ಧಾವಿಸುವುದನ್ನೂ ಗಮನಿಸಿದ್ದರು.

ಚರಕ ಸಂಹಿತೆ ಶುಶ್ರೂಷಕನಿಗೆ ಇನ್ನೂ ಹೆಚ್ಚಿನ ಮನ್ನಣೆ ಕೊಟ್ಟಿದೆ. ಚಿಕಿತ್ಸೆಯೆಂಬುದು ನಾಲ್ಕು ಪಾದಗಳ ಮೇಲೆ ನಿಲ್ಲುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಪ್ರೀತಿ, ಶುಚಿತ್ವ. ಈ ನಾಲ್ಕರಲ್ಲಿ ಇಂದಿನ ಶುಶ್ರೂಷಾ ವಿದ್ಯಾಲಯಗಳು ಕೈಬಿಟ್ಟದ್ದು ಯಾವುದೂ ಇಲ್ಲ.

ಗ್ರೀಸ್ ದೇಶದಲ್ಲಿ, ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಬಾಳಿದ ಹಿಪೊಕ್ರಾಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳೂ ಮೂತ್ರವನ್ನು ಕುರಿತು ಹೇಳುತ್ತವೆ. ಮೂತ್ರದ ಮೇಲೆ ಗುಳ್ಳೆಗಳು ನಿಂತರೆ ವ್ಯಾಧಿ ಮೂತ್ರಪಿಂಡದಲ್ಲಿದೆ, ಅದು ದೀರ್ಘಕಾಲದ್ದು ಎಂದು ಆ ಶಾಲೆಯವರು ತಿಳಿದಿದ್ದರು. ನೊರೆಯ ಮೂತ್ರದಲ್ಲಿ ಸಸಾರಜನಕದ ಅಂಶ ಹೋಗುತ್ತಿರಬಹುದೆಂದು ಇಂದಿನ ವೈದ್ಯರೂ ಪರೀಕ್ಷೆಗೆ ಬರೆಯುತ್ತಾರಷ್ಟೆ. ಹಿಪೊಕ್ರಾಟಿಸನ ಹೆಸರಿನ ಪ್ರಮಾಣವಚನದಲ್ಲಿ, ಕಲ್ಲಿನ ರೋಗಿಯ ಮೇಲೆ ಶಸ್ತ್ರವನ್ನು ಪ್ರಯೋಗಿಸದೆ ಆ ಕೆಲಸವನ್ನು ಅದರಲ್ಲಿ ಪಳಗಿದವರಿಗೆ ಬಿಡುವೆನೆಂಬ ಮಾತೂ ಇದೆ. ತನ್ನ ತಿಳಿವಿನ ಎಲ್ಲೆಯನ್ನು ಅರಿತು, ಬಲ್ಲವರ ಬಳಿಗೆ ಕಳುಹಿಸುವುದು ವಿವೇಕವೆಂಬುದನ್ನು ಅಂದಿನವರು ಮನಗಂಡಿದ್ದರು.

ಗಾಜಿನ ಪಾತ್ರೆಯ ಕಾಲ

ಈ ಉತ್ತಮ ಪ್ರಾರಂಭದ ಅನಂತರ ಚರಿತ್ರೆ ಒಂದು ತಿರುವನ್ನು ಪಡೆಯಿತು. ಕೈರುವಾನ್ ಪಟ್ಟಣದ ಐಸಾಕ್ ಎಂಬ ಯೆಹೂದ್ಯ ವೈದ್ಯನು ಹತ್ತನೆಯ ಶತಮಾನದ ಸುಮಾರಿಗೆ ಅರಬ್ಬಿ ಭಾಷೆಯಲ್ಲಿ ಮೂತ್ರಪರೀಕ್ಷೆಯ ಗ್ರಂಥವೊಂದನ್ನು ಬರೆದನು. ಹನ್ನೊಂದನೆಯ ಶತಮಾನದಲ್ಲಿ ಮೊಂತೆ ಕಸ್ಸೀನೊ ಮಠದ ಸನ್ಯಾಸಿ, ಆಫ್ರಿಕದ ಕಾನ್‌ಸ್ಟಂಟೈನ್ ಎಂದು ಹೆಸರಾದವನು, ಅದನ್ನು ಲತೀನಿಗೆ ಅನುವಾದಿಸಿದನು. ಪ್ಯಾರಿಸಿನ ಗುರು ಮತ್ತು ವೈದ್ಯನಾಗಿದ್ದ ಜಿಲ್ ದ ಕೋರ್ಬೇಯ್ ಎಂಬವನು ಮೂತ್ರದ ಬಣ್ಣಗಳನ್ನು ಕುರಿತು ಲತೀನ್ ಪದ್ಯಗ್ರಂಥವನ್ನೇ ರಚಿಸಿದನು. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡಿದರು.

ಮೂತ್ರಕೋಶದ ಆಕಾರದಲ್ಲಿ ಮಾಡಿದ ಗಾಜಿನ ಪಾತ್ರೆ ವೈದ್ಯನ ಲಾಂಛನವೇ ಆಯಿತು. ವೈದ್ಯರ ಪಾಲಕರಾದ ಸಂತ ಕೊಸ್ಮ ಮತ್ತು ದಮಿಯಾನರ ಹಳೆಯ ಚಿತ್ರಗಳಲ್ಲಿ ಒಬ್ಬರ ಕೈಯಲ್ಲಿ ಈ ಪಾತ್ರೆಯನ್ನು ಇಂದಿಗೂ ಕಾಣಬಹುದು. ವೈದ್ಯನು ಅದನ್ನು ಬೆಳಕಿಗೆ ಹಿಡಿದು, ಬಣ್ಣ, ತಿಳಿ, ಗಸಿ, ನೊರೆಗಳನ್ನು ನೋಡಿ ರೋಗವನ್ನು ಹೇಳುತ್ತಿದ್ದನು.

ಈ ಪದ್ಧತಿಯಲ್ಲಿ ಹುರುಳಿಲ್ಲದಿರಲಿಲ್ಲ. ಮೂತ್ರದ ಬಣ್ಣ ಇಂದಿಗೂ ಅನೇಕ ಸಂಗತಿಗಳನ್ನು ತಿಳಿಸುತ್ತದೆ. ಆದರೆ ಕ್ರಮೇಣ ಪಾತ್ರೆಯೇ ಮುಖ್ಯವಾಗಿ ಮನುಷ್ಯ ಗೌಣನಾದನು. ರೋಗಿಯು ಮನೆಯಲ್ಲಿ ಮಲಗಿರುವಾಗ ಆಳೊಬ್ಬನು ಪಾತ್ರೆಯನ್ನು ಬುಟ್ಟಿಯಲ್ಲಿಟ್ಟು ವೈದ್ಯನ ಮನೆಗೆ ಒಯ್ಯುವುದು, ವೈದ್ಯನು ರೋಗಿಯ ಮುಖವನ್ನೇ ನೋಡದೆ ತೀರ್ಪು ಕೊಡುವುದು ವಾಡಿಕೆಯಾಯಿತು. ಕಪಟಿಗಳು ಮೂತ್ರವನ್ನು ನೋಡಿ ಭವಿಷ್ಯವನ್ನೂ ನುಡಿಯತೊಡಗಿದರು. 1637ರಲ್ಲಿ ಇಂಗ್ಲೆಂಡಿನ ತಾಮಸ್ ಬ್ರಯನ್ ಎಂಬವನು ಇಂತಹ ಮೂತ್ರಪ್ರವಾದಿಗಳನ್ನು ಲೇವಡಿ ಮಾಡಿ ಪುಸ್ತಕವೊಂದನ್ನೇ ಪ್ರಕಟಿಸಿದನು. ನಮ್ಮ ದೇಶವೂ ಈ ದೋಷದಿಂದ ಮುಕ್ತವಾಗಿರಲಿಲ್ಲ. ಮೂತ್ರದ ಮೇಲೆ ಎಣ್ಣೆಯ ತೊಟ್ಟನ್ನು ಬಿಟ್ಟು, ಅದು ಹರಡಿದ ದಿಕ್ಕು ಮತ್ತು ಆಕಾರಗಳಿಂದ ರೋಗಿ ಬದುಕುವನೋ ಇಲ್ಲವೋ ಎಂದು ಹೇಳುವ ತೈಲಬಿಂದು ಪರೀಕ್ಷೆ ಇಲ್ಲಿಯೂ ಬಳಕೆಗೆ ಬಂತು. ಸುಶ್ರುತನು ಹೇಳಿದ ಆರನೆಯ ಸಾಧನ, ಎಂದರೆ ಪ್ರಶ್ನೆ, ಹಿಂದೆ ಬಿದ್ದಿತು.

ಸಂತ ಇಗ್ನಾಸಿಯವರ ಕೊನೆಯ ರಾತ್ರಿ

ರೋಗಿಯ ಮಾತನ್ನು ಕೇಳದೆ ಹೋದರೆ ಏನಾಗುತ್ತದೆಂಬುದಕ್ಕೆ ಧರ್ಮಸಭೆಯ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. ಯೇಸುಸಭೆಯ ಸ್ಥಾಪಕರಾದ ಲೊಯೋಲದ ಸಂತ ಇಗ್ನಾಸಿಯವರು ಅನೇಕ ವರ್ಷಗಳ ಕಾಲ ಹೊಟ್ಟೆಯ ನೋವಿನಿಂದ ಬಳಲಿದರು. ಜಠರದ ದೋಷವೆಂದು ತಿಳಿದು ಅವರಿಗೆ ಚಿಕಿತ್ಸೆ ನಡೆಯುತ್ತಿತ್ತು. 1556ನೇ ಜುಲೈ 30ರಂದು ಅವರು ತಮ್ಮ ಕಾರ್ಯದರ್ಶಿ ಪೊಲಾಂಕೊ ಗುರುಗಳನ್ನು ಕರೆದು, ತಮ್ಮ ಅಂತ್ಯ ಸಮೀಪಿಸಿದೆ, ಜಗದ್ಗುರುಗಳ ಆಶೀರ್ವಾದವನ್ನು ಬೇಡಿ ತರಬೇಕೆಂದು ತಿಳಿಸಿದರು. ವೈದ್ಯರು ಅಪಾಯವೇನೂ ಇಲ್ಲವೆಂದು ಹೇಳಿದ್ದರು. ಸ್ಪೇನಿಗೆ ಹೋಗಬೇಕಾದ ಪತ್ರಗಳನ್ನು ಅಂದೇ ಮುಗಿಸಬೇಕಾಗಿತ್ತು. ಮಾರನೆಯ ದಿನ ಹೋದರೆ ಸಾಲದೇ ಎಂದು ಪೊಲಾಂಕೊ ಕೇಳಿದರು. ಇಂದೇ ಆದರೆ ಒಳ್ಳೆಯದು, ಆದರೂ ನಿಮ್ಮ ವಿವೇಚನೆಗೆ ಬಿಟ್ಟಿದ್ದೇನೆ ಎಂಬ ಅರ್ಥದಲ್ಲಿ ಇಗ್ನಾಸಿಯವರು ಉತ್ತರಿಸಿದರು.

ಆ ರಾತ್ರಿ ಅವರ ಕೋಣೆಯ ಪಕ್ಕದಲ್ಲಿ ಮಲಗಿದ್ದವರು ಶುಶ್ರೂಷೆಯ ಸಹೋದರರೊಬ್ಬರು ಮಾತ್ರ. ಇಗ್ನಾಸಿಯವರು ಆಗಾಗ ದೇವರನ್ನು ಕರೆದು ನಿಟ್ಟುಸಿರುಬಿಡುತ್ತಿದ್ದುದು ಅವರಿಗೆ ಕೇಳಿಸಿತ್ತು. ಬೆಳಗಾಗುವಾಗ ಮನೆಯವರು ಬಂದು ನೋಡಿದರೆ ಸಂತರು ಅಂತ್ಯಾವಸ್ಥೆಯಲ್ಲಿದ್ದರು. ಪೊಲಾಂಕೊ ಜಗದ್ಗುರುಗಳ ಬಳಿಗೆ ಓಡಿದರು. ಹಿಂದಿರುಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಶರೀರಶಾಸ್ತ್ರಜ್ಞ ರಿಯಾಲ್ದೊ ಕೊಲೊಂಬೊ ಅವರ ದೇಹವನ್ನು ಪರೀಕ್ಷಿಸಿದನು. ಯಕೃತ್ತು, ಮೂತ್ರಪಿಂಡ, ಯಕೃತ್ತಿಗೆ ರಕ್ತವನ್ನು ಒಯ್ಯುವ ಸಿರೆ ಮೊದಲಾದೆಡೆ ಕಲ್ಲುಗಳನ್ನು ಕಂಡುದಾಗಿ 1559ರಲ್ಲಿ ಮುದ್ರಣವಾದ ತನ್ನ ಗ್ರಂಥದಲ್ಲಿ ಬರೆದನು. ಅವರನ್ನು ವರ್ಷಗಟ್ಟಲೆ ಕಾಡಿದ್ದು ಪಿತ್ತಕೋಶದ ಕಲ್ಲುಗಳೆಂಬುದು ಇಂದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ.

ಪೊಲಾಂಕೊ ಗುರುಗಳಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ವೈದ್ಯರಲ್ಲಿ ಅಂದಿನ ವಿದ್ಯೆಗೆ ಕೊರತೆಯಿರಲಿಲ್ಲ. ನಾನು ಸಾಯುತ್ತಿದ್ದೇನೆಂಬ ರೋಗಿಯ ಮಾತನ್ನು ಲಕ್ಷಣಗಳಲ್ಲಿ ಒಂದೆಂದು ಎಣಿಸದೆ ಹೋದದ್ದೇ ಅಲ್ಲಿನ ಕೊರತೆ. ಏನೋ ಕೆಟ್ಟದ್ದಾಗುತ್ತಿದೆ ಎಂದು ರೋಗಿ ಹೇಳಿದರೆ ಅದನ್ನು ಬರೆದುಕೊಂಡು ತಕ್ಷಣ ವೈದ್ಯರಿಗೆ ತಿಳಿಸಬೇಕೆಂದು ಇಂದು ಶುಶ್ರೂಷಕಿಯರಿಗೆ ಕಲಿಸುತ್ತಾರೆ.

ಬಳಿಯಲ್ಲಿ ಉಳಿಯುವವರು

ಹದಿನಾರು ಹದಿನೇಳನೆಯ ಶತಮಾನಗಳಲ್ಲಿ ಶುಶ್ರೂಷೆಯ ಹೊಸ ಯುಗವೊಂದು ತೆರೆಯಿತು. ಲೆಲ್ಲಿಸ್ ಮನೆತನದ ಸಂತ ಕಮಿಲ್ಲಸ್ (1550-1614) ತಾವೇ ರೋಗಿಯಾಗಿದ್ದವರು. ಕಾಲಿನ ವಾಸಿಯಾಗದ ಹುಣ್ಣಿನೊಡನೆ ಮೂತ್ರಪಿಂಡದ ಶೂಲೆಯನ್ನೂ ಅವರು ಅನುಭವಿಸಿದ್ದರು. ರೋಮಿನ ಆಸ್ಪತ್ರೆಯಲ್ಲಿ ಕೂಲಿಗಾಗಿ ದುಡಿಯುವ ಸೇವಕರು ರೋಗಿಗಳನ್ನು ಅಲಕ್ಷಿಸುವುದನ್ನು ಕಂಡು ಅವರು ಕಟ್ಟಿದ ಸಂಘಕ್ಕೆ 1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ತುಸರ ಮಾನ್ಯತೆ ದೊರೆಯಿತು. ಕಾಯಿಲೆ ಬಿದ್ದ ಒಬ್ಬನೇ ಮಗನನ್ನು ತಾಯಿ ನೋಡಿಕೊಳ್ಳುವಂತೆ ರೋಗಿಯನ್ನು ನೋಡಿಕೊಳ್ಳಬೇಕೆಂಬುದು ಅವರ ಬೋಧನೆಯ ಸಾರ. ಮಾತು ಬಾರದ ಮಗುವಿಗೆ ಎಲ್ಲಿ ನೋಯುತ್ತದೆಂಬುದನ್ನು ತಾಯಿಯಾದವಳು ಅದರ ಮುಖದಿಂದಲೇ ಅರಿಯುತ್ತಾಳಲ್ಲವೇ! 1886ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಸಂತ ಕಮಿಲ್ಲಸರನ್ನೂ ದೇವರ ಸಂತ ಯೊವಾನ್ನರನ್ನೂ ರೋಗಿಗಳ ಪಾಲಕರೆಂದು ಘೋಷಿಸಿದರು. 1930ರಲ್ಲಿ ಹನ್ನೊಂದನೆಯ ಭಕ್ತಿನಾಥರು ಅವರನ್ನು ಶುಶ್ರೂಷಕರ ಪಾಲಕರನ್ನಾಗಿಯೂ ಮಾಡಿದರು.

1633ರಲ್ಲಿ ಪ್ಯಾರಿಸಿನಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಮತ್ತು ಸಂತ ಲೂಯಿಸ್ ದ ಮರಿಯ್ಯಾಕ್ ದಯಾಪುತ್ರಿಯರ ಸಭೆಯನ್ನು ಸ್ಥಾಪಿಸಿದರು. ಅಂದಿನ ಕನ್ಯಾಮಠಗಳಲ್ಲಿ ಧರ್ಮಭಗಿನಿಯರು ಮಠದ ಗೋಡೆಯನ್ನು ದಾಟುವಂತಿರಲಿಲ್ಲ. ದಯಾಪುತ್ರಿಯರಿಗೆ ಆ ಆವರಣದ ಕಟ್ಟಳೆ ಇರಲಿಲ್ಲವಾದ್ದರಿಂದ ಅವರು ಬಡವರ ಗುಡಿಸಲುಗಳಿಗೆ ಹೋಗಿ ರೋಗಿಗಳ ಬಳಿ ಕುಳಿತುಕೊಳ್ಳುವುದು ಸಾಧ್ಯವಾಯಿತು. ಪಾತ್ರೆಯು ವೈದ್ಯನ ಮನೆಗೆ ಹೋಗುತ್ತಿದ್ದ ಕಾಲದಲ್ಲಿ ಶುಶ್ರೂಷಕಿಯು ರೋಗಿಯ ಮನೆಗೆ ಹೋದಳು. ಈ ಬದಲಾವಣೆಯನ್ನು ನಾವು ಅಲ್ಪವೆಂದು ತಿಳಿಯಬಾರದು.

ಕಣ್ಣು, ಕಿವಿ, ಕೈ

ಮುಂದಿನ ಎರಡು ಶತಮಾನಗಳಲ್ಲಿ ವೈದ್ಯರೂ ರೋಗಿಯ ಹಾಸಿಗೆಯ ಬಳಿಗೆ ಹಿಂದಿರುಗಿದರು. 1674ರಲ್ಲಿ ಇಂಗ್ಲೆಂಡಿನ ತಾಮಸ್ ವಿಲ್ಲಿಸನು ಮಧುಮೇಹಿಯ ಮೂತ್ರ ಜೇನಿನಂತೆ ಸಿಹಿಯೆಂದು ಬರೆದನು. ಆ ಸಿಹಿಗೆ ಸಕ್ಕರೆಯೇ ಕಾರಣವೆಂದು 1776ರಲ್ಲಿ ಮ್ಯಾಥ್ಯೂ ಡಾಬ್ಸನನು ತೋರಿಸಿದನು. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟನು ಒಂದು ಮುಖ್ಯ ಸಂಗತಿಯನ್ನು ಪ್ರಕಟಿಸಿದನು. ಮೈ ಬಾತುಕೊಂಡ ರೋಗಿಯ ಮೂತ್ರವನ್ನು ಚಮಚದಲ್ಲಿ ಕಾಸಿದಾಗ ಅದು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿದರೆ ಮೂತ್ರಪಿಂಡಗಳು ಕೆಟ್ಟಿವೆಯೆಂದು ತಿಳಿಯಬೇಕು ಎಂಬುದೇ ಅದು. ಇಲ್ಲಿ ಗಮನಿಸಬೇಕಾದುದು, ಬ್ರೈಟನು ಮೂತ್ರವನ್ನು ಮಾತ್ರ ನೋಡಲಿಲ್ಲ. ರೋಗಿಯ ಊದಿದ ಮುಖವನ್ನೂ, ಮೂತ್ರವನ್ನೂ, ಮರಣಾನಂತರ ಕಂಡ ಮೂತ್ರಪಿಂಡವನ್ನೂ ಜೊತೆಗೂಡಿಸಿ ನೋಡಿದನು.

ಆಸ್ಟ್ರಿಯದ ಆವೆನ್‌ಬ್ರುಗ್ಗರ್ ಎಂಬ ವೈದ್ಯನ ತಂದೆ ವಸತಿಗೃಹವನ್ನು ನಡೆಸುತ್ತಿದ್ದನು. ಪೀಪಾಯಿಯನ್ನು ಬೆರಳಿನಿಂದ ತಟ್ಟಿ ದ್ರಾಕ್ಷಾರಸ ಎಲ್ಲಿಯವರೆಗೆ ಇದೆಯೆಂದು ತಿಳಿಯುವ ಉಪಾಯವನ್ನು ಮಗನು ಮನುಷ್ಯನ ಎದೆಗೆ ಅನ್ವಯಿಸಿ 1761ರಲ್ಲಿ ಗ್ರಂಥ ಬರೆದನು. 1828ರಲ್ಲಿ ಫ್ರಾನ್ಸಿನ ಪಿಯೊರಿಯು ಈ ತಟ್ಟುವ ವಿದ್ಯೆಯನ್ನು ಉದರದ ಅಂಗಗಳಿಗೂ ವಿಸ್ತರಿಸಿ ಪುಸ್ತಕ ಪ್ರಕಟಿಸಿದನು. ಮೂತ್ರ ತುಂಬಿ ಉಬ್ಬಿದ ಮೂತ್ರಕೋಶವನ್ನು ಕೆಳಹೊಟ್ಟೆಯಲ್ಲಿ ತಟ್ಟಿದಾಗ ಟೊಳ್ಳಿನ ಬದಲು ಮಂದವಾದ ಶಬ್ದ ಬರುತ್ತದೆ. ಯಾವ ಯಂತ್ರವೂ ಇಲ್ಲದ ಹಳ್ಳಿಯಲ್ಲಿಯೂ ಶುಶ್ರೂಷಕಿಯೊಬ್ಬಳು ಇದನ್ನು ಅರಿಯಬಲ್ಲಳು.

ಸ್ಟೆತಾಸ್ಕೋಪಿನ ಕಥೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಭಕ್ತ ಕಥೋಲಿಕನಾಗಿದ್ದ ಫ್ರೆಂಚ್ ವೈದ್ಯ ಲಾಯೆನ್ನೆಕ್ 1816ರಲ್ಲಿ ಯುವತಿಯೊಬ್ಬಳನ್ನು ಪರೀಕ್ಷಿಸಬೇಕಾಯಿತು. ಅಂದಿನ ಕ್ರಮದಂತೆ ಎದೆಗೆ ಕಿವಿಯಿಟ್ಟು ಕೇಳುವುದು ಅವನಿಗೆ ಅನುಚಿತವಾಗಿ ತೋರಿತು. ಕಾಗದವನ್ನು ಸುರುಳಿ ಸುತ್ತಿ, ಅದರ ಒಂದು ತುದಿಯನ್ನು ರೋಗಿಯ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದನು. ಶಬ್ದ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು. ರೋಗಿಯ ಮಾನವನ್ನು ಕಾಪಾಡುವ ಯೋಚನೆಯಿಂದಲೇ ವೈದ್ಯವಿದ್ಯೆಗೆ ಅಂತಹ ಉಪಕರಣ ದೊರೆಯಿತೆಂಬುದು ಸ್ಮರಣೀಯ. 1821ರಲ್ಲಿ ಅವನ ಮಿತ್ರ ಕೆರ್ಗರದೆಕ್ ಅದೇ ಉಪಕರಣವನ್ನು ಗರ್ಭಿಣಿಯ ಉದರದ ಮೇಲಿರಿಸಿ ಗರ್ಭಸ್ಥ ಶಿಶುವಿನ ಹೃದಯದ ಬಡಿತವನ್ನು ಆಲಿಸಿದನು.

ಅಪೆಂಡಿಕ್ಸಿನ ಉರಿಯೂತವನ್ನು 1886ರಲ್ಲಿ ಅಮೆರಿಕದ ರೆಜಿನಾಲ್ಡ್ ಫಿಟ್ಸ್ ವಿವರಿಸಿದನು. 1889ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿಯು ಹೊಟ್ಟೆಯ ಬಲಭಾಗದ ಕೆಳಗೆ ಒಂದೇ ಬೆರಳಿನಿಂದ ಒತ್ತಿ ತೋರಿಸಬಹುದಾದ ನೋವಿನ ಸ್ಥಾನವನ್ನು ಗುರುತಿಸಿದನು. ಷಿಕಾಗೊ ನಗರದಲ್ಲಿ ಕರುಣೆಯ ಭಗಿನಿಯರ ಆಸ್ಪತ್ರೆಯಲ್ಲಿ ದುಡಿದ ಶಸ್ತ್ರವೈದ್ಯ ಜಾನ್ ಮರ್ಫಿಯ ಹೆಸರಿನ ಲಕ್ಷಣವೂ ಪ್ರಸಿದ್ಧ: ಬಲಗಡೆಯ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು ಉಸಿರೆಳೆಯಲು ಹೇಳಿದಾಗ ರೋಗಿಯ ಉಸಿರು ಥಟ್ಟನೆ ನಿಂತರೆ ಪಿತ್ತಕೋಶ ಉರಿಯೂತಗೊಂಡಿರಬಹುದು. ಸಂತ ಇಗ್ನಾಸಿಯವರ ಕಾಲಕ್ಕೆ ಈ ತಿಳಿವು ಇರಲಿಲ್ಲ.

ಪ್ರಶ್ನೆಗೆ ಮರಳಿ ಬಂದ ಮನ್ನಣೆ

1854ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಕ್ರಿಮಿಯ ಯುದ್ಧದ ಗಾಯಾಳುಗಳ ಸೇವೆಗೆ ಕರೆದೊಯ್ದ 38 ಮಂದಿ ಮಹಿಳೆಯರಲ್ಲಿ 10 ಮಂದಿ ಕಥೋಲಿಕ ಧರ್ಮಭಗಿನಿಯರಿದ್ದರು. ಅದಕ್ಕೆ ಮುಂಚೆ ಪ್ಯಾರಿಸಿನ ಧರ್ಮಭಗಿನಿಯರ ಆಸ್ಪತ್ರೆಯ ಕಾರ್ಯವಿಧಾನವನ್ನೂ ಆಕೆ ಕಂಡಿದ್ದಳು. 1859ರ ಕೊನೆಯಲ್ಲಿ ಹೊರಬಂದ ಶುಶ್ರೂಷೆಯ ಕೈಪಿಡಿಯಲ್ಲಿ ಆಕೆ ರೋಗಿಯ ಅವಲೋಕನಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಳು. ಚೆನ್ನಾಗಿ ನಿದ್ರೆ ಬಂತೇ ಎಂದು ಕೇಳಿದರೆ ಹೌದು ಎಂಬ ಪೊಳ್ಳು ಉತ್ತರ ಬರುತ್ತದೆ. ಎಷ್ಟು ಗಂಟೆ ನಿದ್ರಿಸಿದಿರಿ, ಯಾವ ಹೊತ್ತಿನಲ್ಲಿ ಎಂದು ಕೇಳಿದರೆ ಸತ್ಯ ಹೊರಬೀಳುತ್ತದೆ ಎಂಬುದು ಆಕೆಯ ವಾದ. ಮೂತ್ರಬಾಧೆಗೂ ಇದೇ ನ್ಯಾಯ. ಮೂತ್ರ ಸರಿಯಾಗಿ ಆಗುತ್ತದೆಯೇ ಎಂದರೆ ಲಜ್ಜೆಯುಳ್ಳವರು ತಲೆಯಾಡಿಸುತ್ತಾರೆ. ರಾತ್ರಿ ಎಷ್ಟು ಬಾರಿ ಏಳುತ್ತೀರಿ, ಪ್ರಾರಂಭವಾಗಲು ಕಾಯಬೇಕೇ, ಉರಿಯುತ್ತದೆಯೇ, ಬಣ್ಣ ಹೇಗಿದೆ ಎಂದು ಒಂದೊಂದಾಗಿ ಕೇಳಿದರೆ ಉತ್ತರ ಬರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಚಾರಣೆಯು ಶಾಸ್ತ್ರದ ರೂಪವನ್ನು ಪಡೆಯಿತು. 1961ರಲ್ಲಿ ಅಮೆರಿಕದ ಐಡಾ ಜೀನ್ ಒರ್ಲಾಂಡೊ, ಶುಶ್ರೂಷಕಿಯು ತಾನು ಊಹಿಸಿದ್ದನ್ನು ರೋಗಿಯನ್ನೇ ಕೇಳಿ ನಿಶ್ಚಯಿಸಿಕೊಳ್ಳಬೇಕೆಂದು ಪ್ರತಿಪಾದಿಸಿದಳು. 1967ರಲ್ಲಿ ಯೂರಾ ಮತ್ತು ವಾಲ್ಷ್ ಎಂಬವರು ಶುಶ್ರೂಷೆಯನ್ನು ಪರೀಕ್ಷಣೆ, ಯೋಜನೆ, ಕಾರ್ಯ, ಮೌಲ್ಯಮಾಪನ ಎಂಬ ನಾಲ್ಕು ಹಂತಗಳಾಗಿ ನಿರೂಪಿಸಿದರು. ಪರೀಕ್ಷಣೆಯೇ ಮೊದಲ ಹಂತ.

ಭಾರತದಲ್ಲಿ

ಭಾರತದಲ್ಲಿ ಈ ಚರಿತ್ರೆಗೆ ಒಂದು ವಿಶೇಷ ಅಧ್ಯಾಯವಿದೆ. ಪರ್ದಾ ಪದ್ಧತಿಯಲ್ಲಿ ಬಾಳಿದ ಸ್ತ್ರೀಯರು ಪುರುಷ ವೈದ್ಯನ ಮುಂದೆ ಬರುವಂತಿರಲಿಲ್ಲ. ಉದರ, ಗರ್ಭ, ಮೂತ್ರಗಳ ಬಾಧೆಯನ್ನು ಹೇಳಿಕೊಳ್ಳುವುದಂತೂ ದೂರವೇ ಉಳಿಯಿತು. ಇದನ್ನು ಕಂಡು ಮರುಗಿದ ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್‌ಲಾರೆನ್ 1909ರಲ್ಲಿ ಅವಿಭಕ್ತ ಭಾರತದ ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗಾಗಿ ಆಸ್ಪತ್ರೆಯನ್ನು ಸ್ಥಾಪಿಸಿದರು. ಧರ್ಮಭಗಿನಿಯರು ವೈದ್ಯರಾಗಿ ದುಡಿಯಲು, ಹೆರಿಗೆ ಮಾಡಿಸಲು ಧರ್ಮಸಭೆಯ ಅಂದಿನ ನಿಯಮಗಳು ಅಡ್ಡಿಯಾಗಿದ್ದವು. ಮೆಕ್‌ಲಾರೆನ್ ರೋಮಿಗೆ ಮತ್ತೆ ಮತ್ತೆ ಬಿನ್ನವಿಸಿದರೂ ಆಕೆಯ ಜೀವಿತಕಾಲದಲ್ಲಿ ಫಲ ಕಾಣಲಿಲ್ಲ. ಅದೇ ಆಸ್ಪತ್ರೆಯಲ್ಲಿ ದುಡಿದ ಆಸ್ಟ್ರಿಯದ ಆನ್ನಾ ದೆಂಗೆಲ್ 1925ರಲ್ಲಿ ವೈದ್ಯಕೀಯ ಸೇವೆಯ ಭಗಿನಿಯರ ಸಭೆಯನ್ನು ಪ್ರಾರಂಭಿಸಿದರು. ಕೊನೆಗೆ 1936ನೇ ಫೆಬ್ರವರಿ 11ರಂದು ರೋಮಿನಿಂದ ಅನುಮತಿಯ ಆಜ್ಞೆ ಹೊರಟಿತು. ಇದಕ್ಕೂ ಮೊದಲೇ, 1920ರಲ್ಲಿ, ಆಸ್ಟ್ರೇಲಿಯದ ವೈದ್ಯೆ ಮೇರಿ ಗ್ಲೌರಿ ವಿಶೇಷ ಅನುಮತಿಯಿಂದ ಗುಂಟೂರಿನಲ್ಲಿ ಸೇವೆಗೆ ತೊಡಗಿದ್ದರು. 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದ ಈ ಭಗಿನಿ 1957ರಲ್ಲಿ ದೈವಾಧೀನರಾದದ್ದು ನಮ್ಮ ಬೆಂಗಳೂರಿನಲ್ಲಿ.

ಕರ್ನಾಟಕದ ಇತರ ಹೆಸರುಗಳನ್ನು ಓದುಗರು ಬಲ್ಲರು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಆಗಸ್ಟಸ್ ಮುಲ್ಲರ್ ಗುರುಗಳು ಹೋಮಿಯೋಪಥಿ ಔಷಧ ಹಂಚಲು ಪ್ರಾರಂಭಿಸಿದರು. 1886ರಲ್ಲಿ ಬೆಂಗಳೂರಿನಲ್ಲಿ ಉತ್ತಮ ಕುರಿಗಾಹಿಯ ಭಗಿನಿಯರು ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. 1963ರಲ್ಲಿ ಸಂತ ಯೊವಾನ್ನರ ವೈದ್ಯಕೀಯ ಮಹಾವಿದ್ಯಾಲಯ ಅಲ್ಲಿಯೇ ಆರಂಭವಾಯಿತು. ದೇಶದ ಮಟ್ಟದಲ್ಲಿ 1946ರಲ್ಲಿ ದಿಲ್ಲಿ ಮತ್ತು ವೇಲೂರುಗಳಲ್ಲಿ ಶುಶ್ರೂಷೆಯ ಪದವಿ ಶಿಕ್ಷಣ ಮೊದಲಾಯಿತು. 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನ ಬಂತು.

ಇಂದಿನ ಪರೀಕ್ಷಾಕ್ರಮ

ಹೀಗೆ ಬೆಳೆದ ವಿದ್ಯೆಯನ್ನು ಇಂದಿನ ಶುಶ್ರೂಷಕಿಯು ಹೇಗೆ ಬಳಸುತ್ತಾಳೆ? ಮೊದಲು ಪರದೆಯನ್ನು ಎಳೆಯುತ್ತಾಳೆ; ರೋಗಿಯ ಬಂಧುಗಳನ್ನು ವಿನಯದಿಂದ ಹೊರಗೆ ಕಳುಹಿಸುತ್ತಾಳೆ. ಅನಂತರ ಪ್ರಶ್ನೆ: ನೋವು ಯಾವಾಗ ಪ್ರಾರಂಭವಾಯಿತು, ಎಲ್ಲಿ, ಎಲ್ಲಿಗೆ ಹರಿಯುತ್ತದೆ, ಎಷ್ಟು ತೀವ್ರ, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ಶಮನವಾಗುತ್ತದೆ, ವಾಂತಿ, ಮಲವಿಸರ್ಜನೆ, ಮೂತ್ರ, ಸೇವಿಸುತ್ತಿರುವ ಔಷಧಗಳು, ಸ್ತ್ರೀಯಾದರೆ ಮುಟ್ಟು ಮತ್ತು ಗರ್ಭದ ವಿಚಾರ. ಪಕ್ಕೆಯಿಂದ ತೊಡೆಸಂದಿಗೆ ಅಲೆಯಲೆಯಾಗಿ ಇಳಿಯುವ ನೋವು ಮೂತ್ರನಾಳದ ಕಲ್ಲನ್ನು ಸೂಚಿಸಬಹುದು.

ಪರೀಕ್ಷೆಗೆ ಮುನ್ನ ಮೂತ್ರಕೋಶವನ್ನು ಬರಿದು ಮಾಡಿಕೊಳ್ಳಲು ರೋಗಿಗೆ ಹೇಳುತ್ತಾಳೆ. ಮೊಣಕಾಲು ಮಡಿಸಿ ಮಲಗಿಸಿದರೆ ಹೊಟ್ಟೆಯ ಸ್ನಾಯುಗಳು ಸಡಿಲಗೊಳ್ಳುತ್ತವೆ. ಶರೀರದ ಬೇರೆ ಭಾಗಗಳಲ್ಲಿ ಮುಟ್ಟಿದ ಮೇಲೆ ಆಲಿಸುವುದುಂಟು. ಉದರದಲ್ಲಿ ಮಾತ್ರ ಕ್ರಮ ಬೇರೆ. ಮೊದಲು ನೋಟ, ಆಮೇಲೆ ಆಲಿಸುವುದು, ಅನಂತರ ತಟ್ಟುವುದು, ಕೊನೆಗೆ ಮುಟ್ಟಿ ಒತ್ತುವುದು. ಮೊದಲೇ ಒತ್ತಿದರೆ ಕರುಳಿನ ಶಬ್ದ ಬದಲಾಗಬಹುದೆಂಬುದು ಇದಕ್ಕೆ ಕಾರಣ. ನೋಯುವ ಭಾಗವನ್ನು ಎಲ್ಲಕ್ಕಿಂತ ಕೊನೆಯಲ್ಲಿ ಮುಟ್ಟುತ್ತಾಳೆ. ಮುಟ್ಟುವಾಗ ಆಕೆಯ ಕಣ್ಣು ಹೊಟ್ಟೆಯ ಮೇಲಲ್ಲ, ರೋಗಿಯ ಮುಖದ ಮೇಲಿರುತ್ತದೆ.

ನೋಟವೊಂದೇ ಎಷ್ಟು ಹೇಳುತ್ತದೆ ನೋಡಿರಿ. ಕಲ್ಲಿನ ಶೂಲೆಯುಳ್ಳವನು ಯಾವ ಮಗ್ಗುಲಿಗೂ ನೆಮ್ಮದಿಯಿಲ್ಲದೆ ಹೊರಳಾಡುತ್ತಾನೆ. ಕರುಳು ತೂತಾಗಿ ಒಳಪೊರೆ ಉರಿಯುತ್ತಿರುವವನು ಅಲುಗಾಡಲು ಅಂಜಿ ನಿಶ್ಚಲವಾಗಿ ಮಲಗಿರುತ್ತಾನೆ. ಕೂಗಾಡದವನ ರೋಗ ಹಗುರವೆಂದು ತಿಳಿಯುವುದು ಇಲ್ಲಿ ಅಪಾಯಕರ.

ಮೂತ್ರದ ಅಳತೆಯೂ ಆಕೆಯ ಹೊಣೆ. ಆಸ್ಪತ್ರೆಯಲ್ಲಿರುವ ವಯಸ್ಕ ರೋಗಿಯ ಮೂತ್ರವು ಗಂಟೆಗೆ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದರೆ ಅಥವಾ ದಿನಕ್ಕೆ 400 ಮಿಲಿಲೀಟರಿಗಿಂತ ಕೆಳಗಿಳಿದರೆ ವೈದ್ಯರಿಗೆ ತಿಳಿಸಬೇಕು. ಕುಡಿದದ್ದೆಷ್ಟು, ಹೊರಹೋದದ್ದೆಷ್ಟು ಎಂದು ಆಕೆ ಬರೆಯುವ ಪಟ್ಟಿಯನ್ನು ಕೆಲವರು ಕ್ಷುಲ್ಲಕವೆಂದು ಭಾವಿಸುತ್ತಾರೆ. ಮೂತ್ರಪಿಂಡ ಸೋಲುತ್ತಿರುವ ಸುಳಿವು ಅನೇಕ ವೇಳೆ ಮೊದಲು ಕಾಣಿಸುವುದು ಆ ಪಟ್ಟಿಯಲ್ಲಿಯೇ.

1956ರಿಂದ ಮೂತ್ರದಲ್ಲಿ ಅದ್ದಿ ಸಕ್ಕರೆಯನ್ನು ಕಂಡುಹಿಡಿಯುವ ಕಾಗದದ ಪಟ್ಟಿಗಳು ಬಂದಿವೆ. ಈಗ ಶಬ್ದತರಂಗದ ಯಂತ್ರಗಳು ಮೂತ್ರಕೋಶದಲ್ಲಿ ಎಷ್ಟು ಮೂತ್ರ ಉಳಿದಿದೆಯೆಂದು ಕ್ಷಣದಲ್ಲಿ ತೋರಿಸುತ್ತವೆ. ಇವೆಲ್ಲ ಸ್ವಾಗತಾರ್ಹ. ಆದರೆ ಯಂತ್ರದ ಕಾಗದವನ್ನು ನೋಡಿ ರೋಗಿಯನ್ನು ನೋಡದಿದ್ದರೆ ನಾವು ಗಾಜಿನ ಪಾತ್ರೆಯ ಕಾಲಕ್ಕೇ ಹಿಂದಿರುಗಿದಂತಾಗುತ್ತದೆ.

ಓದುಗರಿಗೆ ಬಿನ್ನಹ

ಕೇಳುವವರು ಎಷ್ಟೇ ನಿಪುಣರಾದರೂ ಹೇಳುವವರು ಬಾಯಿ ತೆರೆಯದಿದ್ದರೆ ಈ ವಿದ್ಯೆ ನಿಷ್ಫಲ. ವಯಸ್ಸಾದ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗುವುದು ಅತಿ ಸಾಮಾನ್ಯ. ಹೆತ್ತ ತಾಯಂದಿರಲ್ಲಿ ಅನೇಕರಿಗೆ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವುದುಂಟು. ಇವು ಪಾಪದ ಫಲಗಳಲ್ಲ, ಅವಮಾನದ ಸಂಗತಿಗಳೂ ಅಲ್ಲ, ಚಿಕಿತ್ಸೆಯುಳ್ಳ ಬಾಧೆಗಳು. ಹೊಟ್ಟೆ ತುಂಬಿ ನೋಯುತ್ತಿದ್ದರೂ ಮೂತ್ರ ಹೊರಬಾರದಿರುವುದು, ಮೂತ್ರದಲ್ಲಿ ನೋವಿಲ್ಲದೆಯೂ ರಕ್ತ ಕಾಣುವುದು, ಪಕ್ಕೆನೋವಿನೊಡನೆ ಚಳಿಜ್ವರ ಬರುವುದು, ಹೊಟ್ಟೆ ಹಲಗೆಯಂತೆ ಬಿಗಿಯುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೇಲುಹೊಟ್ಟೆಯ ನೋವೆಂದು ತೋರುವುದು ಒಮ್ಮೊಮ್ಮೆ ಹೃದಯಾಘಾತವಾಗಿರಬಹುದು. ಅದನ್ನು ವಾಯುವೆಂದು ಮನೆಯಲ್ಲೇ ನಿರ್ಣಯಿಸಬಾರದು.

ಮನೆಯವರಿಗೂ ಒಂದು ಮಾತು. ಮುಪ್ಪಿನ ತಂದೆ ರಾತ್ರಿಯಲ್ಲಿ ಪದೇಪದೇ ಏಳುತ್ತಿದ್ದರೆ ಗೊಣಗುವ ಬದಲು ಕಾರಣವನ್ನು ಕೇಳಿರಿ. ತಾಯಿಯು ದೇವಾಲಯಕ್ಕೂ ಮದುವೆಗೂ ಬರುವುದನ್ನು ಬಿಟ್ಟಿದ್ದರೆ, ಭಕ್ತಿ ಕುಂದಿತೆಂದೋ ಮುನಿಸೆಂದೋ ತೀರ್ಮಾನಿಸುವ ಮುನ್ನ ಬಳಿಯಲ್ಲಿ ಕುಳಿತು ಮೆಲ್ಲನೆ ವಿಚಾರಿಸಿರಿ. ಈ ಧರ್ಮಕೇಂದ್ರದಿಂದ ಶುಶ್ರೂಷೆಗೆ ಹೋಗಿರುವ ನಮ್ಮ ಹೆಣ್ಣುಮಕ್ಕಳು ಅಪರಿಚಿತರನ್ನು ಪ್ರತಿನಿತ್ಯ ಹೀಗೆಯೇ ಕೇಳುತ್ತಾರೆ. ಮನೆಯ ಹಿರಿಯರನ್ನು ಕೇಳುವ ಕೆಲಸ ಮನೆಯವರಾದ ನಮ್ಮೆಲ್ಲರದು.